ಅಳತೆಗೆ ನಿಂತ ಅಮ್ಮ

ಬೆಳಿಗ್ಗೆ ಹೊಲಿಗೆ ಯಂತ್ರದ ಮುಸುಕು ತೆಗೆಯುವ ಮೊದಲು ಟೈಲರಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಮನುಷ್ಯರೂಪ ಬರೆಯುತ್ತಿದ್ದಳು. ಆ ಹೊತ್ತಿಗೆ ಕಿಟಕಿಯಾಚೆ ಯಾರು ಹೋದರೆ ಅವರದು. ಬರೆದು, ಒಂದು ಗಳಿಗೆ ನೋಡಿ, ಅಂಗೈಯಿಂದ ಒರೆಸಿಬಿಡುವಳು. ಮೈ ಸುಡುವ ಜ್ವರವಿದ್ದರೂ ಇದು ತಪ್ಪುತ್ತಿರಲಿಲ್ಲ. ದೇವರಿಗೆ ಕೈಮುಗಿದಷ್ಟೇ ಸಹಜ.

ಅವಳಿಗೆ ಇದ್ದದ್ದು ಒಂದೇ ಆಸೆ. ತೀರಿಹೋದ ಅಮ್ಮನದು ಒಂದು ಫೋಟೋ ಕೂಡ ಇರಲಿಲ್ಲ. ಸಂಜೆ ಕೆರೆಯ ದಂಡೆಯಲ್ಲಿ ನಡೆದು ಹೋಗುತ್ತಿದ್ದ ಅಮ್ಮ ಇತ್ತೀಚೆಗೆ ನೆನಪಿನಲ್ಲೂ ಮಸುಕಾಗುತ್ತಿದ್ದಳು. ಪೂರಾ ಅಳಿಸಿಹೋಗುವ ಮುನ್ನ ಬಣ್ಣದಲ್ಲಿ ಹಿಡಿದಿಡಬೇಕು.

ಪಕ್ಕದ ಅಂಗಡಿಯ ಬೋರ್ಡ್ ಬರೆಯುವವನು ಬ್ರಷ್ ಹಿಡಿಯುವುದನ್ನು ಹೇಳಿಕೊಟ್ಟ. ಕೆರೆ ಬಂತು, ನೀರಿನ ಮೇಲಿನ ಮಂಜು ಬಂತು, ಮೋಡ ಹಾಲಿನ ಕೆನೆಯಂತೆ ಕೂತಿತು. ಅಮ್ಮ ಮಾತ್ರ ಬರಲೊಲ್ಲಳು. ಬಂದರೂ ಮರದ ಗೊಂಬೆ: ನೆಟ್ಟಗೆ ನಿಂತು, ಎರಡೂ ತೋಳು ಮೈಯಿಂದ ತುಸು ದೂರ.

ತಂಗಿ ನೋಡಿ ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಅಮ್ಮ ಏನು ಅಳತೆ ಕೊಡೋಕೆ ನಿಂತಿದ್ದಾಳಾ? ಟೇಪ್ ಒಂದು ಕಮ್ಮಿ ನೋಡು!"

"ಬಾಯಿ ಮುಚ್ಚೇ" ಎಂದಳಾದರೂ ಟೈಲರಮ್ಮನ ಮುಖ ಸಪ್ಪಗಾಯಿತು. ಮಾತು ನಿಜವೇ. ಇಷ್ಟು ವರ್ಷ ಜನ ಅವಳ ಮುಂದೆ ನಿಂತದ್ದು ಹಾಗೆ, ಉಸಿರು ಬಿಗಿಹಿಡಿದು. ಕಣ್ಣು ದಾರಿಹೋಕರನ್ನು ನೋಡುತ್ತಿತ್ತು, ಕೈ ಗಿರಾಕಿಗಳನ್ನೇ ಬರೆಯುತ್ತಿತ್ತು.

ಒಂದು ಮಧ್ಯಾಹ್ನ, ರಿಪೇರಿಗೆ ಬಂದ ಹಳೆಯ ಕೋಟು ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ಒಳಗೆ ಯಾರೂ ಇಲ್ಲ. ಆದರೂ ಒಂದು ಭುಜ ಇಳಿದಿದೆ, ಮೊಣಕೈ ಮಡಚಿದ ಹಾಗೇ ಇದೆ. ತೂಕಡಿಸುವ ಕಣ್ಣಿಗೆ ಅದು ಮೆಲ್ಲಗೆ ಗೋಡೆಯುದ್ದಕ್ಕೂ ನಡೆಯತೊಡಗಿತು. ಹೌದಲ್ಲ! ತಂಗಿಯನ್ನು ಸೊಂಟದ ಮೇಲೆ ಹೊತ್ತು ಹೊತ್ತು ಅಮ್ಮ ಒಂದು ಪಕ್ಕಕ್ಕೆ ವಾಲಿದ್ದಳು. ಮಗು ಇಳಿದು ಓಡಾಡಿದ ಮೇಲೂ ಆ ವಾಲು ನೆಟ್ಟಗಾಗಿರಲಿಲ್ಲ.

ಟೈಲರಮ್ಮ ಎದ್ದು ಬ್ರಷ್ ಅದ್ದಿದಳು. ನಿಂತಿದ್ದ ಗೊಂಬೆಯನ್ನು ಮಂಜಿನ ಬಣ್ಣ ನುಂಗಿತು. ಅದರ ಮೇಲೆ ಓರೆಯಾಗಿ ಒಂದು ಗೆರೆ, ಕೆಳಗೆ ಸೀರೆಗೆ ಒಂದು ತೊಟ್ಟು ನೀಲಿ. ಅಷ್ಟೇ. ಅಮ್ಮ ಬೆನ್ನು ತೋರಿಸಿ, ದಂಡೆಗುಂಟ ನಡೆದಳು.

ಸಂಜೆ ಬೋರ್ಡಿನವನು ಇಣುಕಿದ. ಒಳಗೆ ಬಂದು ಚಿತ್ರದ ಹತ್ತಿರ ಬಗ್ಗಿದ.

"ನಡೀತಿದ್ದಾರಲ್ಲಕ್ಕಾ! ಆದ್ರೆ ಮುಖಾನೇ ಕಾಣ್ತಿಲ್ಲ. ಸ್ವಲ್ಪ ಈ ಕಡೆ ತಿರುಗಿಸಿ ಕಣ್ಣು ಮೂಗು ನಾನೇ ಬರ್ಕೊಡ್ಲಾ? ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ."

ಟೈಲರಮ್ಮ ಬ್ರಷ್ಷನ್ನು ಮಡಿಲಿಗೆ ಎಳೆದುಕೊಂಡಳು.

"ಬೇಡಪ್ಪಾ. ಹೊರಟೋರನ್ನ ಹಿಂದಿನಿಂದ ಕೂಗಬಾರ್ದು."