ಪುಟ್ಟಸ್ವಾಮಿಯ ಕ್ರೆಡಿಟ್ಟು, ನನ್ನ ಕಾಫಿ

ಹೋದ ಮಂಗಳವಾರ ನಾನು ಕೋರ್ಟಿನಲ್ಲಿ ಬಲಗೈ ಎತ್ತಿ, ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದೆ.

ಗಾಬರಿಯಾಗಬೇಡಿ. ನಾನು ಕಳ್ಳತನ ಮಾಡಿಲ್ಲ. ಗಂಡನನ್ನೂ ಬಿಟ್ಟಿಲ್ಲ (ಯಾರಾದರೂ ಕೇಳಿದರೆ ಅವರು "ಇನ್ನೂ ಇಲ್ಲ" ಅನ್ನುತ್ತಿದ್ದಾರೆ, ಅದು ಬೇರೆ ಮಾತು). ನಾನು ಮಾಡಿದ ತಪ್ಪು ಒಂದೇ. ಬಾಗಿಲಿಗೆ ಬಂದ ಒಬ್ಬ ಅಪರಿಚಿತನಿಗೆ ಕಾಫಿ ಕೊಟ್ಟೆ.

ಪುಟ್ಟಸ್ವಾಮಿಯಿಂದ ಶುರು ಮಾಡಬೇಕು. ಮಳವಳ್ಳಿ ಕಡೆಯವನು. ಎರಡು ಸಾವಿರದ ಇಸವಿಗೆ ಕಂಪ್ಯೂಟರು ಕೆಡದಂತೆ ತಿದ್ದುವ ವೈಟೂಕೆ ಕೆಲಸಕ್ಕೆಂದು ಬಂದಾಗ ರೆಡ್‌ವುಡ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ, ಕಾರ್ಪೆಟ್ಟಿನ ಮೇಲೆ ಎರಡು ತಿಂಗಳು ಮಲಗಿದ್ದ. ರಕ್ತಸಂಬಂಧ ಏನೂ ಇಲ್ಲ, ನನ್ನ ಯಜಮಾನರ ಸ್ನೇಹಿತರ ಕಡೆಯಿಂದ ಬಂದವನು. ಬಂದ ಮೂರನೇ ದಿನಕ್ಕೆ ನನ್ನನ್ನು ಅಕ್ಕ ಅಂದ, ನಾನೂ ತಮ್ಮನೇ ಅಂದುಕೊಂಡೆ. ಆಮೇಲೆ ಕಂಪನಿಯವರು ಅವನನ್ನು ಮೂರು ತಿಂಗಳು ಎಮರಿವಿಲ್, ಒಂದು ವರ್ಷ ಶಿಕಾಗೋ ಎಂದು ಅಟ್ಟಾಡಿಸಿದರು. ಇಂಥವರಿಗೆ ವಿಳಾಸ ಅಂತ ಒಂದು ಎಲ್ಲಿರುತ್ತೆ?

"ಅಕ್ಕ, ನಿಮ್ಮ ಅಡ್ರೆಸ್ಸೇ ಕೊಟ್ಟಿರ್ತೀನಿ" ಅಂದ.

ಕೊಟ್ಟ. ಕಾರಿನ ರಿಜಿಸ್ಟ್ರೇಷನ್ನು, ಬ್ಯಾಂಕು, ಎಲ್ಲ ನಮ್ಮ ಮನೆಗೆ. ಅವನೊಬ್ಬನೇ ಅಲ್ಲ, ಇನ್ನೂ ನಾಲ್ಕು ಜನ ಇದ್ದಾರೆ. ಈ ಊರಲ್ಲಿ ಸ್ವಲ್ಪ ಹಳಬರಾದ ಕನ್ನಡದ ಮನೆ ಅಂದರೆ ಅರ್ಧ ಪೋಸ್ಟಾಫೀಸು. ನಾನು ಒಬ್ಬೊಬ್ಬರ ಹೆಸರಿಗೂ ಒಂದೊಂದು ಗ್ರೋಸರಿ ಬ್ಯಾಗು ಮಾಡಿ, ಬಂದ ಕಾಗದ ಅದಕ್ಕೆ ಹಾಕಿ, ಬಟ್ಟೆ ಕಪಾಟಿನ ಮೇಲೆ ಇಡುತ್ತೇನೆ. ಬೇರೆಯವರ ಕಾಗದ ಓದಬಾರದು ಎಂಬ ಸಂಸ್ಕಾರ ನನಗಿದೆ. ತಲುಪಿಸಬೇಕು ಎಂಬ ಸಂಸ್ಕಾರ ಸ್ವಲ್ಪ ಕಡಿಮೆ.

ಈಗ ಪುಟ್ಟಸ್ವಾಮಿ ಬೇ ಏರಿಯಾಗೆ, ಅಂದರೆ ನಮ್ಮ ಊರಿನ ಆಸುಪಾಸಿಗೇ, ವಾಪಸು ಬಂದಿದ್ದಾನೆ. ಮದುವೆಯಾಗಿದೆ. ಹೆಂಡತಿ ಸವಿತಾಗೆ ಏಳು ತಿಂಗಳು. ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿ ಹೊಸದಾಗಿ ಕಟ್ಟುತ್ತಿರುವ ಮನೆಗಳ ಪೈಕಿ ಒಂದು ಇವರ ಪಾಲಿಗೆ ಬಂತು. ಬಂತು ಅಂದರೆ ಸುಮ್ಮನೆ ಬರಲಿಲ್ಲ. ಬಿಲ್ಡರ್ ಆಫೀಸಿನ ಮುಂದೆ ಬೆಳಗಿನ ಜಾವ ಮಡಿಚುವ ಕುರ್ಚಿ ಹಾಕಿಕೊಂಡು ಕೂತು, ಲಿಸ್ಟಿನಲ್ಲಿ ಹೆಸರು ಬರೆಸಿದ್ದು. ಇನ್ನು ಸಾಲ ಮಂಜೂರಾದರೆ ಆಯಿತು. ಸವಿತಾ ಮಗುವಿನ ರೂಮಿಗೆ ಬಣ್ಣ ಕೂಡ ಆರಿಸಿಬಿಟ್ಟಿದ್ದಳು.

ಆಗ ಸಾಲದ ಕಂಪನಿಯಿಂದ ಫೋನು ಬಂತು. ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲಿ ಕೋರ್ಟಿನ ತೀರ್ಪೊಂದಿದೆ, ಸಾಲ ಕೊಡಲು ಆಗುವುದಿಲ್ಲ ಅಂದರು.

ಯಾವ ಕೋರ್ಟು? ಏನು ತೀರ್ಪು?

ಎಮರಿವಿಲ್‌ನಲ್ಲಿ ಅವನ ಆಫೀಸಿನ ಹಿಂದೆ ಒಂದು ಖಾಸಗಿ ಪಾರ್ಕಿಂಗ್ ಜಾಗವಿತ್ತಂತೆ. ಮೀಟಿಂಗಿಗೆ ತಡವಾದಾಗಲೆಲ್ಲ ಈತ ದುಡ್ಡು ಹಾಕದೆ ಅಲ್ಲಿ ಕಾರು ನಿಲ್ಲಿಸಿ ಓಡುತ್ತಿದ್ದ. ಅವರು ವೈಪರಿಗೆ ಚೀಟಿ ಸಿಕ್ಕಿಸುತ್ತಿದ್ದರು. ಇವನು ಹರಿದು ಹಾಕುತ್ತಿದ್ದ.

"ಪೊಲೀಸ್ನೋರು ಹಾಕಿದ್ರೆ ಕಟ್ಟೋಣ ಅಕ್ಕ. ಇವರು ಯಾವ ಸೀಮೆ ಪ್ರೈವೇಟ್ನೋರು, ಇವರಿಗ್ಯಾಕೆ ಕಟ್ಬೇಕು ಅಂದ್ಕೊಂಡೆ" ಅಂದ, ನಮ್ಮ ಸೋಫಾದ ಮೇಲೆ ಸವಿತಾಳ ಪಕ್ಕ ಕೂತು, ತಲೆ ಬಗ್ಗಿಸಿಕೊಂಡು.

ಇಲ್ಲಿ ಒಂದು ವಿಷಯ ನೀವೂ ತಿಳಿದುಕೊಂಡಿರಿ. ಆ ಚೀಟಿಯಿಂದ ನಿಮ್ಮ ಕ್ರೆಡಿಟ್ಟಿಗೆ ನೇರವಾಗಿ ಏನೂ ಆಗುವುದಿಲ್ಲ. ಆದರೆ ಪಾರ್ಕಿಂಗಿನವರು ಸಣ್ಣಪುಟ್ಟ ಬಾಕಿಗಳ ಕೋರ್ಟಿಗೆ ಹೋಗಿ, ನೀವು ಸೋತರೆ, ಆ ತೀರ್ಪು ಬಹಿರಂಗ ದಾಖಲೆ. ಅದು ರಿಪೋರ್ಟಿಗೆ ಬಂದು ಅಂಟಿಕೊಳ್ಳುತ್ತದೆ. ಎಷ್ಟು ಕಾಲ? ಏಳು ವರ್ಷ. ನಮ್ಮ ಸಾಡೇಸಾತಿಗಿಂತ ಅರ್ಧ ವರ್ಷ ಮಾತ್ರ ಕಡಿಮೆ. ಶನಿಗಾದರೆ ಎಳ್ಳೆಣ್ಣೆ ದೀಪ ಹಚ್ಚಬಹುದು. ಇದಕ್ಕೆ ಏನು ಹಚ್ಚೋಣ?

"ಇವತ್ತೇ ದುಡ್ಡು ಕಟ್ಟಿಬಿಡಿ" ಅಂದೆ ನಾನು, ಎಲ್ಲ ಗೊತ್ತಿರುವವಳ ಹಾಗೆ.

"ಕಟ್ಟಿದ್ರೂ ಹೋಗಲ್ವಂತೆ ಅಕ್ಕ. ಪಕ್ಕದಲ್ಲಿ 'ಕಟ್ಟಿದ್ದಾನೆ' ಅಂತ ಬರೀತಾರಂತೆ ಅಷ್ಟೇ. ಕೋರ್ಟೇ ತೀರ್ಪು ಕ್ಯಾನ್ಸಲ್ ಮಾಡ್ಬೇಕಂತೆ. ಬಿಲ್ಡರ್ ಆರು ವಾರ ಟೈಮ್ ಕೊಟ್ಟಿದ್ದಾನೆ. ಆಮೇಲೆ ಲಿಸ್ಟಲ್ಲಿ ನಮ್ಮ ಹಿಂದೆ ಇರೋರಿಗೆ ಮನೆ." ಆಮೇಲೆ ತಲೆಯೆತ್ತಿ ಕೇಳಿದ. "ಕೇಸ್ ಹಾಕಿದ್ರೆ ನಂಗೊಂದು ಕಾಗದ ಬರಬೇಕಿತ್ತಲ್ವಾ ಅಕ್ಕ?"

ನಾನು ಬಟ್ಟೆ ಕಪಾಟಿನ ಹತ್ತಿರ ಓಡಿದೆ.

ಕುರ್ಚಿ ಹತ್ತಿ ಅವನ ಬ್ಯಾಗು ಇಳಿಸಿದೆ. ಬ್ಯಾಂಕಿನದು, ಇನ್ಶೂರೆನ್ಸಿನದು, ಪಿಜ್ಜಾ ಕೂಪನ್ನು. ಅವುಗಳ ನಡುವೆ ನಾಲ್ಕು ಮಡಿಕೆಯ ಕೋರ್ಟಿನ ಸಮನ್ಸು. ಅದರ ಜೊತೆಗೆ ಕೋರ್ಟಿನಿಂದ ಬಂದ, ಒಡೆಯದ ಇನ್ನೆರಡು ಲಕೋಟೆ. ಆಗ ಎಲ್ಲ ನೆನಪಾಯಿತು. ಅವನು ಶಿಕಾಗೋದಲ್ಲಿದ್ದಾಗ ಒಂದು ಮಧ್ಯಾಹ್ನ ಟೋಪಿ ಹಾಕಿದ ಒಬ್ಬ ಮನುಷ್ಯ ಬಾಗಿಲು ಬಡಿದಿದ್ದ. ಪುಟ್ಟಸ್ವಾಮಿಯ ಹೆಸರನ್ನು ತುಂಡು ತುಂಡಾಗಿ ಓದಿ, ಇಲ್ಲೇ ಇರುತ್ತಾರಾ ಎಂದು ಕೇಳಿದ್ದ. ನಾನು ನಗುನಗುತ್ತಾ ಹೇಳಿದ್ದೆ. ಅವನು ನನ್ನ ತಮ್ಮ, ಇದು ಅವನದೇ ಮನೆ, ಏನಿದ್ದರೂ ನನ್ನ ಕೈಲಿ ಕೊಡಿ. ಆ ಮನುಷ್ಯ ಎಲ್ಲವನ್ನೂ ಬರೆದುಕೊಂಡು ಈ ಸಮನ್ಸು ಕೊಟ್ಟ. ಬಿಸಿಲಲ್ಲಿ ಬಂದಿದ್ದ ಪಾಪ, ಒಳಗೆ ಕರೆದು ಕಾಫಿ ಕೊಟ್ಟೆ. ಕುಡಿದು, ಚೆನ್ನಾಗಿದೆ ಅಂದು ಹೋದ.

ಕೋರ್ಟಿನಲ್ಲಿ ಪುಟ್ಟಸ್ವಾಮಿಯ ಹೆಸರು ಕೂಗಿದಾಗ ಯಾರೂ ಇರಲಿಲ್ಲ. ಪಾರ್ಕಿಂಗಿನವರು ಗೆದ್ದರು. ಎದುರಾಳಿಯೇ ಬಾರದ ಕಬಡ್ಡಿ.

ನನಗೆ ನಾಚಿಕೆಯಾಯಿತು. ಸವಿತಾಳ ಮುಖ ನೋಡಲಾಗಲಿಲ್ಲ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ದಾರಿ ಒಂದೇ ಇತ್ತು. ಸಮನ್ಸು ಕೊಟ್ಟಾಗ ಅವನು ಆ ಮನೆಯಲ್ಲಿ ವಾಸವೇ ಇರಲಿಲ್ಲ, ಆದ್ದರಿಂದ ತೀರ್ಪು ರದ್ದು ಮಾಡಿ ಎಂದು ಅರ್ಜಿ ಹಾಕುವುದು. ಅದನ್ನು ಹೇಳಬೇಕಾದವಳು ನಾನು. ಹಿಂದಿನ ದಿನ ನನ್ನ ಯಜಮಾನರು ಅಡುಗೆಮನೆಯಲ್ಲೇ ತಾಲೀಮು ಕೊಟ್ಟರು.

"ಕೇಳಿದ್ದಕ್ಕೆ ಮಾತ್ರ ಉತ್ತರ. ಹಿಂದೆ ಮುಂದೆ ಕತೆ ಬೇಡ. ಕಾಫಿ ಸುದ್ದಿ ಎತ್ಲೇಬೇಡ" ಅಂದರು. ಹದಿನಾರು ವರ್ಷದ ಸಂಸಾರದಲ್ಲಿ ನಾನು ಅವರ ಮಾತು ಅಕ್ಷರಶಃ ಕೇಳಿದ್ದು ಅದೊಂದೇ ದಿನ.

ಜಡ್ಜು ವಯಸ್ಸಾದವರು, ಸಾವಧಾನದ ಮನುಷ್ಯ. ಟೋಪಿಯವನು ಬರೆದುಕೊಟ್ಟಿದ್ದನ್ನು ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ಸಮಯದಲ್ಲಿ ಅವರು ನಿಮ್ಮ ಮನೆಯಲ್ಲಿ..."

"ಇಲ್ಲ" ಅಂದೆ. ಅವರ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ.

"ಅವರು ನಿಮ್ಮ ತಮ್ಮನೇ?"

"ಅಲ್ಲ."

"ಅವರ ಸಾಮಾನು ಏನಾದರೂ ಇತ್ತೇ?"

"ಏನೂ ಇಲ್ಲ."

"ಮನೆಯ ಬೀಗದ ಕೈ?"

"ಒಂದು ಇತ್ತು. ಹೋಗುವಾಗ ವಾಪಸು ಇಸ್ಕೊಂಡೆ."

"ಹಾಗಾದರೆ ಇದು ಅವರದೇ ಮನೆ ಅಂತ ಯಾಕೆ ಹೇಳಿದಿರಿ?"

ತಾಲೀಮಿನಲ್ಲಿ ಈ ಪ್ರಶ್ನೆ ಇರಲಿಲ್ಲ. ಏನು ಹೇಳಲಿ? ಇದ್ದದ್ದನ್ನೇ ಹೇಳಿದೆ. "ನಾವು ಮನೆಗೆ ಬಂದವರಿಗೆಲ್ಲ ಹಾಗೇ ಹೇಳ್ತೀವಿ."

"ಎಲ್ಲರಿಗೂ?"

"ಎಲ್ಲರಿಗೂ. ಯಾರೂ ನಿಜ ಅಂದ್ಕೊಳ್ಳಲ್ಲ."

ಕೋರ್ಟಿನಲ್ಲಿದ್ದವರು ನಕ್ಕರು. ಪಾರ್ಕಿಂಗ್ ಕಂಪನಿಯ ಮನುಷ್ಯನೂ ನಕ್ಕ. ಜಡ್ಜು ಕನ್ನಡಕ ತೆಗೆದು ಒರೆಸಿ, ತೀರ್ಪು ರದ್ದು ಮಾಡಿದರು. ಹೊರಗೆ ಕಾರಿಡಾರಿನಲ್ಲೇ ಪುಟ್ಟಸ್ವಾಮಿ ಅವರ ಪಾರ್ಕಿಂಗ್ ಬಾಕಿ ಕಟ್ಟಿದ, ಅವರು ಕೇಸು ವಾಪಸು ತೆಗೆದುಕೊಂಡರು. ಕೋರ್ಟಿನ ಆರ್ಡರು ಸಾಲದ ಕಂಪನಿಗೆ ಫ್ಯಾಕ್ಸಾಯಿತು. ಪುಟ್ಟಸ್ವಾಮಿಯ ಮನೆಯಲ್ಲೇ ಕಾದೆವು, ಸಂಜೆಯೊಳಗೆ ಉತ್ತರ ಬಂತು. ಡಬ್ಲಿನ್ ಮನೆ ಅವರದೇ. ಸವಿತಾ ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ.

ಆಮೇಲೆ ಪುಟ್ಟಸ್ವಾಮಿ ನನ್ನನ್ನು ಮನೆಗೆ ಬಿಡಲು ಹೊರಟ. ಫ್ರೀವೇಯಲ್ಲಿ ಟ್ರಾಫಿಕ್ಕೋ ಟ್ರಾಫಿಕ್ಕು. ನಾನು ಒಳಗೊಳಗೇ ಬೀಗುತ್ತಿದ್ದೆ. ಇನ್ನೇನು ಥ್ಯಾಂಕ್ಸ್ ಹೇಳುತ್ತಾನೆ, ಬಿಡೋ ಮಾರಾಯ ಅನ್ನೋಣ ಎಂದು ಕಾಯುತ್ತಿದ್ದೆ. ಅವನು ರಸ್ತೆ ನೋಡುತ್ತಲೇ ಓಡಿಸಿದ. ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿದ. ಒಳಗೆ ಬಾ ಅಂದೆ. ಬೇಡ, ಇನ್ನೊಂದು ದಿನ ಬರ್ತೀನಿ ಅಂದ. ಸ್ಟೀರಿಂಗ್ ಹಿಡಿದುಕೊಂಡು, ನನ್ನ ಕಡೆ ನೋಡದೆ ಕೇಳಿದ.

"ಅಕ್ಕ, ಜಡ್ಜು ಕೇಳಿದಾಗ ಒಂದೇ ಒಂದು ಸೆಕೆಂಡಾದ್ರೂ ಯೋಚನೆ ಮಾಡಿ 'ಇಲ್ಲ' ಅನ್ಬಾರ್ದಿತ್ತಾ?"