ಗುನ್ವೋರಳ ಮನೆ ಕಲ್ಲುಕಂಬ ಸುತ್ತಿದ ದಿನ

ಸೂರ್ಯ ಬರುವ ದಿನ ಬೆಳಗ್ಗೆ ಗುನ್ವೋರ್ ಮಾಡಿದ ಮೊದಲ ಕೆಲಸವೆಂದರೆ, ಐದು ವರ್ಷದ ಉನಾಳನ್ನು ಎಬ್ಬಿಸಿ, ಅವಳ ಹಾಸಿಗೆಯ ಅಡಿಯಿಂದ ದೋಣಿಯ ದೊಡ್ಡ ಹಾಯಿಯನ್ನು ಎಳೆದದ್ದು. ನಾಲ್ಕು ಚಳಿಗಾಲ ಆ ಹಾಯಿ ಅಲ್ಲೇ ಮಡಚಿಕೊಂಡು ಬಿದ್ದಿತ್ತು. ಅದನ್ನು ಹಾಸಿದರೆ ಥಂಡಿ ಮೇಲೇರುವುದಿಲ್ಲ ಎಂದು ಕಂಡುಹಿಡಿದವಳೂ ಗುನ್ವೋರಳೇ.

"ಅಮ್ಮಾ, ನನ್ ಹಾಸಿಗೆ ಎಲ್ಲಿಗ್ ತಗೊಂಡ್ ಹೋಗ್ತಿದ್ದೀಯ?"

"ಹಾಯಿಕಂಬಕ್ಕೆ ಏರಿಸ್ತೀನಿ. ನೀನು ಸ್ವೆಟರ್ ಹಾಕ್ಕೋ, ಎರಡು ಹಾಕ್ಕೋ."

ಹಾಯಿ ಬಿಚ್ಚಿ ದೋಣಿ ನಡೆಸುವುದು ಇವತ್ತು ಗುನ್ವೋರಳ ಪಾಲಿಗೆ ಬಂದಿತ್ತು, ಅವಳಿಗೋ ಈ ಜನ್ಮದಲ್ಲಿ ಅದರ ಅಭ್ಯಾಸವಿರಲಿಲ್ಲ.

ಗುನ್ವೋರ್ ಹುಟ್ಟಿದ್ದು ಇದೇ ತೈಸ್ಟ್‌ವೋಗ್‌ನಲ್ಲಿ, ನಾರ್ವೆಯ ಉತ್ತರದ ತುದಿಯ ಈ ಮೀನಿನ ಊರಲ್ಲಿ. ಆದರೆ ಅವಳಪ್ಪ ಮೀನು ಹಿಡಿದವನಲ್ಲ, ಮೀನು ತುಂಬುವ ಪೆಟ್ಟಿಗೆಗೆ ಮೊಳೆ ಹೊಡೆದವನು. ಅವಳು ಪುರಸಭೆಯ ಹಿಮ ತಳ್ಳುವ ಲಾರಿ ಓಡಿಸುತ್ತಾಳೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ಎದುರಿಗೆ ಏನೂ ಕಾಣದ ಹಿಮ, ಆಗಲೂ ಅವಳು ಸೇಬು ಕಚ್ಚುತ್ತಾ ಲಾರಿಯನ್ನು ಹಿಂದಕ್ಕೆ ತೆಗೆಯಬಲ್ಲಳು. ದೋಣಿ ಒಂದು ಗೇಣು ವಾಲಿದರೆ ಮಾತ್ರ ಹೊಟ್ಟೆ ತೊಳೆಸುತ್ತದೆ.

ದೋಣಿಯ ಹುಚ್ಚು ಗಂಡ ಆಸ್ಲೆಯದು. "ಒಂದೇ ಒಂದ್ ವರ್ಷ ಕಣೇ" ಎಂದು ಪುಸಲಾಯಿಸಿ, ಗುಡ್ಡದ ಮೇಲಿದ್ದ ಮನೆ ಮಾರಿಸಿ, ಹನ್ನೆರಡು ಮೀಟರಿನ ಈ ಕಬ್ಬಿಣದ ಹಾಯಿದೋಣಿ ತಂದು, ಅದರಲ್ಲೇ ಸಂಸಾರ ಹೂಡಿಸಿದ. ಹೆಸರು ಗಾಮ್ಲೆಮೂರ್, ಅಂದರೆ ಮುದಿತಾಯಿ. ಮೊದಲ ಚಳಿಗಾಲ ಮುದಿತಾಯಿ ಮಲತಾಯಿಯ ಹಾಗೇ ನಡೆದುಕೊಂಡಳು. ಒಳಗೋಡೆಯ ಮೇಲೆ ಬಿಳಿ ಮಂಜು. ಒಂದು ಬೆಳಗ್ಗೆ ದೊಡ್ಡ ಮಗಳು ತಿರಿಲಳ ಜಡೆ ಗೋಡೆಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ಬಿಡಿಸುತ್ತಾ ಗುನ್ವೋರ್ ಗಂಡನ ಏಳು ತಲೆಮಾರನ್ನೂ ಜಾಲಾಡಿದಳು.

ಆಮೇಲೆ ಕಣ್ಣೊರೆಸಿಕೊಂಡು ಟೊಂಕ ಕಟ್ಟಿದಳು. ಗೋಡೆ ಬಿಚ್ಚಿ ಕುರಿಯ ಉಣ್ಣೆ ತುರುಕಿದಳು. ಹಾಸಿಗೆಯ ಕೆಳಗೆ ಗಾಳಿಯಾಡಲು ಪಟ್ಟಿ ಹೊಡೆದಳು. ಕುಂಬಳಕಾಯಿ ಗಾತ್ರದ ಕಬ್ಬಿಣದ ಒಲೆ ಇಡಿಸಿದಳು. ಪುಸ್ತಕ ಬಂತು, ಕಂಬಳಿ ಬಂತು, ಈರುಳ್ಳಿ ಸೊಪ್ಪಿನ ಕುಂಡ ಬಂತು, ಒಂದು ಚೀಲ ಆಲೂಗಡ್ಡೆ ಖಾಯಮ್ಮಾಗಿ ಮೆಟ್ಟಿಲ ಕೆಳಗೆ ಕೂತಿತು. ಎರಡನೇ ವರ್ಷ ಆಸ್ಲೆಯೇ "ಮನೆ ನೋಡೋಣ್ವಾ?" ಅಂದಾಗ ಅವಳು ಅವನ ಮೇಲೆ ಜಗಳಕ್ಕೇ ಹೋದಳು. ಇಷ್ಟು ಬೆಚ್ಚಗಿನ ಗೂಡು ಕಟ್ಟಿ ಯಾರು ಬಿಡುತ್ತಾರೆ? ಆದರೆ ದೋಣಿ ಮಾತ್ರ ಕಟ್ಟಿದ ಜಾಗ ಬಿಟ್ಟು ಕದಲಲಿಲ್ಲ. ಮನೆಯನ್ನು ಯಾರಾದರೂ ತಿರುಗಾಡಿಸಲು ಕರೆದುಕೊಂಡು ಹೋಗುತ್ತಾರೆಯೇ!

ಅಲ್ಲಿಗೇ ಬಂದಿತ್ತು ಕುತ್ತು. ಬಂದರು ಸಂಘದ್ದೊಂದು ಹಳೇ ಕಟ್ಟಳೆ. ಎರಡು ತಿಂಗಳು ಮರೆಯಾದ ಸೂರ್ಯ ಮತ್ತೆ ಕಾಣಿಸುವ ದಿನ, ಚಳಿಗಾಲದ ಜಾಗ ಹಿಡಿದ ಪ್ರತಿ ಹಾಯಿದೋಣಿಯೂ ಹಾಯಿ ಬಿಚ್ಚಿ ಫಿಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ, ಬಾಯಲ್ಲಿರುವ ಕಲ್ಲುಕಂಬ ಸುತ್ತಿ, ಬೆಳಕಿರುವಾಗಲೇ ವಾಪಸಾಗಬೇಕು. ಇಲ್ಲವಾದರೆ ಆ ಜಾಗ ಸಾಲಿನಲ್ಲಿ ಕಾಯುತ್ತಿರುವ ಬೇರೆಯವರಿಗೆ ಹೋಗುತ್ತದೆ. ಹಿಂದಿನ ಮೂರು ವರ್ಷ ಆ ದಿನವೇ ಬಿರುಗಾಳಿ ಬೀಸಿ ಎಲ್ಲರಿಗೂ ವಿನಾಯಿತಿ ಸಿಕ್ಕಿತ್ತು. ಈ ಸಲ ಆಕಾಶ ತೊಳೆದಿಟ್ಟ ಹಾಗಿತ್ತು. ಚಳಿಗಾಲದಲ್ಲಿ ಕರೆಂಟು ಕೊಡುವ ಇನ್ನೊಂದು ಬಂದರು ಇರುವುದು ತೊಂಬತ್ತು ಕಿಲೋಮೀಟರ್ ಆಚೆ. ಜಾಗ ಹೋದರೆ ಮಕ್ಕಳ ಶಾಲೆ, ಅವಳ ಲಾರಿ, ಈ ಊರು, ಎಲ್ಲವೂ ಹೋದ ಹಾಗೆಯೇ.

ಇಷ್ಟು ಸಾಲದೆಂಬಂತೆ, ಮಂಗಳವಾರ ಆಸ್ಲೆ ದೋಣಿಗಳನ್ನು ಕಟ್ಟುವ ಹಲಗೆಗಟ್ಟೆಯ ಮೇಲೆ ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ಕಾಲು ಜಾರದಂತೆ ಮಂಜುಗಡ್ಡೆಯ ಮೇಲೆ ಬೂದಿ ಎರಚು, ಬೂದಿ ಎರಚು ಎಂದು ಅವಳು ಮೂರು ಸಲ ಹೇಳಿದ್ದಳು.

ಹತ್ತು ಗಂಟೆಗೆ ನೀಲಿ ಬೆಳಕು ಹರಡಿತು. ಹನ್ನೊಂದು ವರ್ಷದ ತಿರಿಲ್ ಹಗ್ಗ ಬಿಚ್ಚಲು ತಯಾರಾದಳು. ಆಸ್ಲೆ ಕೈಯನ್ನು ಎದೆಗೆ ಕಟ್ಟಿಸಿಕೊಂಡು ಮೂಲೆಯಲ್ಲಿ ಕೂತ, ಬಾಯಿಯನ್ನು ಮಾತ್ರ ಯಾರೂ ಕಟ್ಟಿರಲಿಲ್ಲ. ಹಲಗೆಗಟ್ಟೆಯ ತುದಿಯಲ್ಲಿ ಸಂಘದ ಅಧ್ಯಕ್ಷ ತೋರ್ಗಿಲ್ಸ್ ನಿಂತಿದ್ದ. ವಯಸ್ಸು ಎಪ್ಪತ್ನಾಲ್ಕು, ಬೈಗುಳವಿಲ್ಲದೆ ಪ್ರೀತಿ ತೋರಿಸಲು ಬಾರದ ಮನುಷ್ಯ.

"ಏನೇ ಹಾಳಾದೋಳೇ, ಮನೆ ಹೊರಡ್ತಾ? ಪರದೆಗಿರದೆ ಒಗೆದು ಹಾಕಿದ್ದೀಯೋ?"

"ನಿನ್ ಗಡ್ಡ ಒಕ್ಕೊಂಡ್ ಬಾ ಹೋಗು ಮೊದಲು!"

"ಹಿಂದಕ್ಕೆ ಬರಲಿಲ್ಲ ಅಂದ್ರೆ ನಿನ್ ಜಾಗಕ್ಕೆ ದಕ್ಷಿಣದವನೊಬ್ಬ ಬಿಳೀ ಪ್ಲಾಸ್ಟಿಕ್ ದೋಣಿ ತರ್ತಾನೆ. ನಾನು ದಿನಾ ಅವನ ಮುಖ ನೋಡ್ಬೇಕು. ಬಂದುಬಿಡೇ, ದಮ್ಮಯ್ಯ."

ಎಂಜಿನ್ ಕೆಮ್ಮಿ ಶುರುವಾಯಿತು. ಬಂದರಿನ ಒಳಗೆ ಎಂಜಿನ್ ನಡೆಯುತ್ತದೆ, ಹೊರಗೆ ಹಾಯಿಯೇ ಆಗಬೇಕು. ತಿರಿಲ್ ನಾಲ್ಕೂ ಹಗ್ಗ ಬಿಚ್ಚಿದಳು. ತೆಳು ಮಂಜುಗಡ್ಡೆ ಗಾಜಿನ ಹಾಗೆ ಚಟಚಟ ಒಡೆಯಿತು. ಮುದಿತಾಯಿ ನಾಲ್ಕು ವರ್ಷದಲ್ಲಿ ಮೊದಲ ಸಲ ಮುಂದಕ್ಕೆ ಹೋದಳು. ಒಂದು ಮಾರು ಹೋದಳು. ಎರಡು ಮಾರು. ಆಮೇಲೆ ಗಕ್ಕನೆ ನಿಂತಳು.

"ಎಂಜಿನ್ ಹೋಯ್ತಾ?" ಗುನ್ವೋರಳ ಜೀವ ಬಾಯಿಗೆ ಬಂತು.

"ಎಂಜಿನ್ ಓಡ್ತಿದೆ! ಮುಂದೆ ಏನೂ ಇಲ್ಲ!" ಎಂದ ಆಸ್ಲೆ. ಹಿಂದೆ ತಿರುಗಿ ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ದಡದಲ್ಲಿ ತೋರ್ಗಿಲ್ಸ್ ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದ. ಕರೆಂಟಿನ ಕೇಬಲ್ಲು! ಗೋಡೆಗೆ ಸಿಕ್ಕಿಸಿದ ಪ್ಲಗ್ಗಿನಂತೆ ಅದು ದಡದ ಪೆಟ್ಟಿಗೆಯಲ್ಲಿ ಹಾಗೇ ಕೂತಿತ್ತು, ಬಿಗಿದ ತಂತಿಯಾಗಿ ಇಡೀ ದೋಣಿಯನ್ನು ಹಿಡಿದುಕೊಂಡಿತ್ತು. ಮನೆ ಬಿಟ್ಟು ಹೋಗುವಾಗ ಯಾರು ಕರೆಂಟು ಕಿತ್ತುಕೊಂಡು ಹೋಗುತ್ತಾರೆ! ಇಡೀ ಬಂದರು ಕೈತಟ್ಟಿ ನಕ್ಕಿತು. ತೋರ್ಗಿಲ್ಸ್ ಕಣ್ಣೀರು ಒರೆಸಿಕೊಳ್ಳುತ್ತಾ ಹೋಗಿ ಪ್ಲಗ್ಗು ಎಳೆದ. ಗುನ್ವೋರಳ ಕಿವಿ ಬಿಸಿಯಾಯಿತು. ಆದರೆ ನಗು ತಡೆಯಲಾಗದೆ ಅವಳೂ ನಕ್ಕಳು.

ಬಂದರಿನ ಹೊರಗೆ ಹಾಯಿ ಏರಿತು. ಉನಾಳ ಮೈಯ ಅಚ್ಚು ಅದರಲ್ಲಿ ಹಾಗೇ ಉಳಿದಿತ್ತು. ಗಾಳಿ ಅದನ್ನು ತುಂಬಿ ನೆಟ್ಟಗೆ ಮಾಡಿತು, ದೋಣಿ ವಾಲಿತು, ಒಳಗೆ ಯಾವುದೋ ಪಾತ್ರೆ ಉರುಳಿತು.

"ಬಂದರುಬದಿಗೆ ತಿರುಗಿಸು! ಗಾಳಿಮುಖ ಬಿಡು!" ಆಸ್ಲೆ ಕೂಗಿದ.

"ಏನಂದೆ?"

"ಗಾಳಿಮುಖ! ಗಾಳಿಮುಖ ಕಣೇ!"

"ನನ್ನ ಮುಖ! ಮನುಷ್ಯರ ಭಾಷೆ ಮಾತಾಡು. ಒಲೆ ಕಡೆಗಾ, ಕಕ್ಕಸಿನ ಕಡೆಗಾ?"

"ಒಲೆ ಕಡೆಗೆ" ಎಂದ ಆಸ್ಲೆ, ಸೋತ ದನಿಯಲ್ಲಿ.

ಅಷ್ಟು ಸಾಕಾಯಿತು. ಗುನ್ವೋರ್ ಚುಕ್ಕಾಣಿ ಒತ್ತಿದಳು, ತಿರಿಲ್ ಒಲೆ ಕಡೆಯ ಹಗ್ಗ ಬಿಗಿದಳು. ಒಲೆ ಎಡಕ್ಕೆ, ಕಕ್ಕಸು ಬಲಕ್ಕೆ. ನಾಲ್ಕು ವರ್ಷ ಆ ದೋಣಿಯ ಒಳಗೆ ಕಣ್ಣುಮುಚ್ಚಿ ಓಡಾಡಿದವರಿಗೆ ದಿಕ್ಕು ಹೇಳಿಕೊಡಬೇಕೆ? ಕೆಳಗೆ ಉನಾ ತನ್ನ ಹಾಸಿಗೆಯ ಪೆಟ್ಟಿಗೆಯೊಳಗೆ ದಿಂಬುಗಳ ನಡುವೆ ಕೂತು ವರದಿ ಒಪ್ಪಿಸುತ್ತಿದ್ದಳು.

"ಅಮ್ಮಾ, ಹಿಟ್ಟಿನ ಡಬ್ಬಿ ಬಿತ್ತು!"

"ಯಾವ ಕಡೆಗೆ?"

"ಕಕ್ಕಸಿನ ಕಡೆಗೆ! ಆಲೂಗಡ್ಡೆನೂ ಹೊರಟ್ವು!"

"ಬಿಡು, ಅವೂ ಸೂರ್ಯನ್ನ ನೋಡ್ಲಿ!"

ದೋಣಿ ಓಡುತ್ತಿತ್ತು! ಕೊರೆಯುವ ನೀರು ಮುಖಕ್ಕೆ ಎರಚುತ್ತಿತ್ತು, ಕಬ್ಬಿಣದ ಮೈಯೆಲ್ಲ ಗುಂಯ್ ಎನ್ನುತ್ತಿತ್ತು, ಹೊಟ್ಟೆ ತೊಳೆಸುವುದನ್ನೂ ಮರೆತು ಗುನ್ವೋರ್ ನಿಂತೇ ನಡೆಸುತ್ತಿದ್ದಳು. ಇಷ್ಟು ದಿನ ಇದೆಲ್ಲಿ ಅಡಗಿ ಕೂತಿತ್ತು? ದಿನಾ ಇದೇ ನೆಲ ಗುಡಿಸಿದ್ದೇನೆ, ಇದು ಹೀಗೆ ಓಡುತ್ತದೆ ಎಂದು ಯಾರೂ ಹೇಳಲಿಲ್ಲವಲ್ಲ! ಆಸ್ಲೆ ನಾಲ್ಕು ವರ್ಷ ಅದನ್ನೇ ಹೇಳುತ್ತಿದ್ದ ಎಂಬುದು ನೆನಪಾಗಿ, ಅವನ ಕಡೆ ನೋಡಲು ನಾಚಿಕೆಯಾಯಿತು.

ಕಲ್ಲುಕಂಬ ಇನ್ನೂರು ಮೀಟರ್ ದೂರದಲ್ಲಿತ್ತು. ಮುಂದೆ ಐದಾರು ದೋಣಿ. ಅವುಗಳಲ್ಲಿ ಎಲ್ಲಕ್ಕಿಂತ ಚೆಂದದ ಕೆಂಪು ದೋಣಿ ಆಗತಾನೆ ತಿರುವಿಗೆ ಬಂದಿತ್ತು. ಆ ತಿರುವಿನ ಮೇಲೆಯೇ ಬೆಟ್ಟದ ಕೊರಕಲು ಬಾಯಿ ತೆರೆದಿದೆ.

ಆಗ ಕೆಳಗಿನಿಂದ ಒಂದು ಸದ್ದು ಬಂತು. ಒಲೆ ಗುರ್ರೆಂದಿತು. ಹೊಗೆಕೊಳವೆ ಉಸಿರು ಎಳೆದುಕೊಂಡ ಹಾಗೆ ಬೆಂಕಿ ಒಮ್ಮೆಲೇ ಬುಸುಗುಟ್ಟಿತು.

ಆ ಸದ್ದು ಅವಳಿಗೆ ಗೊತ್ತು. ಚಳಿಗಾಲದ ಸಂಜೆಗಳಲ್ಲಿ ಬಟ್ಟೆ ಮಡಚುತ್ತಾ ಎಷ್ಟು ಸಲ ಕೇಳಿದ್ದಾಳೆ. ಒಲೆ ಗುರ್ ಅಂದರೆ ಅದರ ಹಿಂದೆಯೇ ಬೆಟ್ಟದಿಂದ ಗಾಳಿ ಬೀಳುತ್ತದೆ. ನಡುವೆ ಸಿಗುವುದು ಐದು ಎಣಿಸುವಷ್ಟು ಹೊತ್ತು, ಚಹಾದ ಲೋಟ ಕೈಗೆ ತೆಗೆದುಕೊಳ್ಳುವಷ್ಟು.

"ತಿರಿಲ್, ಹಗ್ಗ ಬಿಡು! ಪೂರ್ತಿ ಬಿಡು!"

"ಯಾಕೇ? ಅಂಥಾ ಗಾಳಿನೇ ಇಲ್ವಲ್ಲ!" ಆಸ್ಲೆ ಎದ್ದು ನಿಂತ. "ಬಿಟ್ರೆ ದೋಣಿ ನಿಂತುಹೋಗುತ್ತೆ, ತಿರುವು ತಪ್ಪುತ್ತೆ!"

"ಕೂತ್ಕೋ! ಬಿಡೇ ತಿರಿಲ್!"

ತಿರಿಲ್ ಅಪ್ಪನ ಮುಖ ನೋಡಲಿಲ್ಲ. ಹಗ್ಗ ಬಿಟ್ಟಳು, ಹಾಯಿ ಪಟಪಟ ಬಡಿದುಕೊಂಡು ಸಡಿಲವಾಯಿತು. ಮೂರು. ನಾಲ್ಕು. ಕೊರಕಲಿನಿಂದ ಬಿಳಿಯ ಹಿಮಧೂಳು ಎದ್ದು ನೀರಿನ ಮೇಲೆ ಕುಪ್ಪಳಿಸಿತು. ಮುಂದಿದ್ದ ಕೆಂಪು ದೋಣಿ ಕೆನ್ನೆಗೆ ಏಟು ತಿಂದ ಹಾಗೆ ಪಕ್ಕಕ್ಕೆ ಮಲಗಿ, ಹಾಯಿಕಂಬದ ತುದಿ ನೀರಿಗೆ ತಾಗಿಸಿ, ಮೈಯೆಲ್ಲ ಒದ್ದೆಯಾಗಿ ಮತ್ತೆ ಎದ್ದಿತು. ಅದರ ಮುಂದಿನ ಹಾಯಿ ಚಿಂದಿಯಾಗಿತ್ತು. ಗಾಮ್ಲೆಮೂರ್‌ಗೂ ಗಾಳಿ ಬಡಿಯಿತು. ಆದರೆ ಸಡಿಲ ಹಾಯಿಯಲ್ಲಿ ಹಿಡಿತ ಸಿಗದೆ ಹಾದುಹೋಯಿತು. ಮುದಿತಾಯಿ ಒಮ್ಮೆ ತಲೆ ಒದರಿ ನಿಂತುಕೊಂಡಳು.

"ನಿಂಗೆ ಹೇಗೆ ಗೊತ್ತಾಯ್ತು?" ಆಸ್ಲೆಯ ಮುಖ ಬಿಳಿಚಿಹೋಗಿತ್ತು.

"ಒಲೆ ಹೇಳ್ತು. ಈಗ ಎಳಿ ತಿರಿಲ್, ಬಿಗಿಯಾಗಿ ಎಳಿ! ಕಕ್ಕಸಿನ ಕಡೆಗೆ ತಿರುಗ್ತಿದ್ದೀವಿ!"

ದೋಣಿ ತಿರುಗಿತು. ಭಾರಕ್ಕೆ ನಿಧಾನವಾಗಿ, ಹಿಮದ ಲಾರಿ ಇಕ್ಕಟ್ಟು ತಿರುವಿನಲ್ಲಿ ತಿರುಗುವ ಹಾಗೆಯೇ ತಿರುಗಿತು. ಆ ತೂಕವನ್ನು ತಿರುಗಿಸುವುದು ಅವಳ ಕೈಗೆ ಗೊತ್ತಿತ್ತು. ಮುಂಚೆಯೇ ಶುರು ಮಾಡಬೇಕು, ಅವಸರ ಮಾಡಬಾರದು, ಹೆದರಿ ಬಿಡಬಾರದು. ಕಲ್ಲುಕಂಬ ಕೈಗೆಟುಕುವಷ್ಟು ಹತ್ತಿರ ಸರಿಯಿತು. ಅದರ ಮೇಲೆ ಕೂತಿದ್ದ ನೀರುಕಾಗೆ ರೆಕ್ಕೆ ಒಣಗಿಸುವುದನ್ನೂ ನಿಲ್ಲಿಸದೆ ಇವರನ್ನು ನೋಡಿತು.

ಕಂಬ ಹಿಂದೆ ಸರಿದದ್ದೇ ತಡ, ದಕ್ಷಿಣದ ಎರಡು ಗುಡ್ಡಗಳ ನಡುವಿನಿಂದ ಬೆಳಕು ನುಗ್ಗಿತು. ಕಿತ್ತಳೆ ಬಣ್ಣದ ಒಂದು ತುಣುಕು, ಅಷ್ಟೇ. ಆದರೂ ಇಡೀ ಹಾಯಿ ಕೆಂಪಗಾಯಿತು, ತಿರಿಲಳ ಮೂಗು ಕೆಂಪಗಾಯಿತು, ಎಲ್ಲರ ನೆರಳೂ ಎರಡು ತಿಂಗಳಲ್ಲಿ ಮೊದಲ ಸಲ ದೋಣಿಯ ಮೇಲೆ ಉದ್ದಕ್ಕೆ ಬಿತ್ತು.

"ಉನಾ! ಮೇಲೆ ಬಾ! ಓಡಿ ಬಾ!"

ಉನಾ ಮುಖವೆಲ್ಲ ಹಿಟ್ಟು ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದಳು, ಸೂರ್ಯನನ್ನು ನೋಡಿ ಕಣ್ಣು ಮುಚ್ಚಿ ಕಿರುಚಿದಳು. ಎಲ್ಲ ದೋಣಿಗಳಲ್ಲೂ ಜನ ಕಿರುಚುತ್ತಿದ್ದರು. ಗುನ್ವೋರ್ ಎಲ್ಲರಿಗಿಂತ ಜೋರಾಗಿ ಕಿರುಚಿದಳು. ಆಸ್ಲೆ ಒಂದೇ ಕೈಯಲ್ಲಿ ಅವಳ ಟೊಪ್ಪಿಗೆ ಹಿಡಿದೆಳೆದು ಹಣೆಗೆ ಮುತ್ತಿಟ್ಟ. ಅವನು ಅಳುತ್ತಿದ್ದನೋ, ಉಪ್ಪುನೀರೋ, ಅವಳು ವಿಚಾರಿಸಲಿಲ್ಲ.

ಮರಳಿ ಬರುವಷ್ಟರಲ್ಲಿ ಗಾಳಿ ಸಮವಾಗಿತ್ತು. ತೋರ್ಗಿಲ್ಸ್ ಹಲಗೆಗಟ್ಟೆಯ ತುದಿಯಲ್ಲಿ ಕಾಯುತ್ತಿದ್ದ, ಒಂದು ಕೈಯಲ್ಲಿ ಗಂಟೆಯ ಹಗ್ಗ, ಇನ್ನೊಂದರಲ್ಲಿ ಈ ದಿನಕ್ಕೆಂದೇ ಕರಿಯುವ, ಜಾಮು ತುಂಬಿದ ಬನ್ನಿನ ಬುಟ್ಟಿ. ಕೂಗಿದರೆ ಕೇಳುವಷ್ಟು ದೂರಕ್ಕೆ ಗಾಮ್ಲೆಮೂರ್ ಬಂದಾಗ ಗಂಟೆಯನ್ನು ಕಿತ್ತುಹೋಗುವ ಹಾಗೆ ಬಾರಿಸಿದ.

"ಬಂದ್ಯಲ್ಲೇ ಪಿಶಾಚಿ! ಜಾಗ ನಿಂದೇ! ಹೋದ ಮನೆ ವಾಪಸ್ ಬಂತು ನೋಡ್ರೋ! ಹಗ್ಗ ಎಸಿ, ಒಳಗ್ ಬನ್ನಿ, ಬನ್ನು ತಣ್ಣಗಾಗ್ತಿದೆ!"

ತಿರಿಲ್ ಹಗ್ಗ ಸುತ್ತಿಕೊಂಡು ಎಸೆಯಲು ನಿಂತಳು. ಆಸ್ಲೆ ದೊಡ್ಡದಾಗಿ ಉಸಿರು ಬಿಟ್ಟು ಕೂತ. ಗುನ್ವೋರ್ ತಾವು ಬಿಟ್ಟು ಹೋದ ಜಾಗದತ್ತ ನೋಡಿದಳು. ಎರಡು ಹಲಗೆಗಳ ನಡುವೆ ಒಂದಿಷ್ಟು ಕಪ್ಪು ನೀರು, ಅಷ್ಟೇ. ಇದು ಕೈತಪ್ಪಿದರೆ ಏನು ಗತಿ ಎಂದು ಒಂದು ವಾರ ಅನ್ನ ಸೇರದೆ ನಿದ್ದೆಗೆಟ್ಟಿದ್ದಳು. ಅಲ್ಲಿ ಅವಳದೆನ್ನುವ ಒಂದು ಚಮಚವೂ ಇರಲಿಲ್ಲ. ಕಾಲ ಕೆಳಗೆ ಒಲೆ ಉರಿಯುತ್ತಿತ್ತು, ಆಲೂಗಡ್ಡೆ ಉರುಳುತ್ತಿತ್ತು, ಉನಾ ಹಿಟ್ಟಿನ ಕೈಯಲ್ಲಿ ಅವಳ ಕಾಲು ಹಿಡಿದುಕೊಂಡಿದ್ದಳು.

"ಎಸೀಲಾ ಅಮ್ಮಾ?" ಎಂದಳು ತಿರಿಲ್.

"ಬೇಡ."

ಗುನ್ವೋರ್ ಚುಕ್ಕಾಣಿ ತಿರುಗಿಸಿದಳು. ಹಾಯಿ ಮತ್ತೆ ಗಾಳಿ ಹಿಡಿಯಿತು. ಹಲಗೆಗಟ್ಟೆಯ ಮೇಲೆ ತೋರ್ಗಿಲ್ಸ್ ಬುಟ್ಟಿ ಎತ್ತಿ ಎತ್ತಿ ತೋರಿಸಿದ.

"ಎಲ್ಲಿಗೇ? ಗೆದ್ದಾಯ್ತಲ್ಲೇ! ಮನೆಗೆ ಬಾರೇ!"

"ಮನೇಲೇ ಇದ್ದೀವಿ ತೋರ್ಗಿಲ್ಸ್!" ಗುನ್ವೋರ್ ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು ಕೂಗಿದಳು. "ಇನ್ನೂ ಒಂದ್ ಗಂಟೆ ಬೆಳಕಿದೆ, ಇನ್ನೊಂದ್ ಸುತ್ತು ಹೋಗ್ಬರ್ತೀವಿ!"