ಮೂರನೆಯ ಕೂಗು

ಪಂಢರಪುರಕ್ಕೆ ಹೊರಟ ದಿನ ನನ್ನ ಗಂಡ ಗಾಡಿಯ ಹತ್ತಿರ ಬಂದು ಹೇಳಿದ್ದು ಒಂದೇ ಮಾತು: "ಅಬ್ಬೆ ಜೋಪಾನ." ಅಬ್ಬೆ ಎಂದರೆ ಅವರ ತಾಯಿ, ನನ್ನ ಜೊತೆ ಹೊರಟಿದ್ದ ಅತ್ತೆ. ಮದುವೆಯಾಗಿ ಇನ್ನೂ ವರ್ಷ ತುಂಬದ ನನಗೆ ಆ ಮಾತು ತುಂಬಿದ ಕೊಡದಂತೆ ತಲೆಯ ಮೇಲೆ ಕೂತಿತು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದು ಕೆಲವು ವರ್ಷಗಳಾಗಿದ್ದವು. ಕಾರವಾರದ ಕಡೆಯ ಉಳ್ಳವರು ಮೋಟಾರು ಹಿಡಿಯುತ್ತಿದ್ದರು. ಭಾವಿಕೇರಿಯ ನಮಗೆ ಹುಬ್ಬಳ್ಳಿಯವರೆಗೆ ಎತ್ತಿನ ಗಾಡಿ, ಅಲ್ಲಿಂದ ರೈಲು.

ನಮ್ಮನ್ನು ಕರೆದೊಯ್ಯುತ್ತಿದ್ದವರು ಕೊರಳಲ್ಲಿ ತುಳಸಿಮಾಲೆ ಹಾಕಿದ ಮುದುಕರು. ಪ್ರತಿ ಮಾಘಕ್ಕೂ ಊರವರನ್ನು ಕಟ್ಟಿಕೊಂಡು ಹೋಗಿಬರುತ್ತಿದ್ದ ಅವರನ್ನು ಎಲ್ಲರೂ ಬುವಾ ಎನ್ನುತ್ತಿದ್ದರು. ನನಗಂತೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ನೀರು ಕುಡಿಯಲು ಕೇಳಬೇಕು, ಗಾಡಿ ಇಳಿಯಲು ಕೇಳಬೇಕು. "ಹೇಳ್ದೆ ಯಾರೂ ಬದಿಗೆ ಹೋಗೂಕಿಲ್ಲ" ಎಂದು ಅಂಕೋಲೆ ದಾಟುವ ಮೊದಲೇ ಗದರಿದ್ದರು. ಹೆಂಗಸರು ಬದಿಗೆ ಹೋಗುವುದನ್ನೂ ಈ ಗಂಡಸಿಗೆ ಹೇಳಬೇಕೇ ಎಂದು ಅತ್ತೆ ಮೂಗು ಮುರಿದರು. ಆ ವಿಷಯದಲ್ಲಿ ಅತ್ತೆ ಸೊಸೆ ಒಂದೇ ಪಕ್ಷ.

ಸುಂಕಸಾಳ ದಾಟಿ ಏರು ಶುರುವಾಗುವಲ್ಲಿ, ಬೆಳಗಿನ ಹೊತ್ತು, ಎತ್ತುಗಳಿಗೆ ಭಾರವಾಗಬಾರದೆಂದು ಎಲ್ಲರೂ ಇಳಿದು ನಡೆಯುತ್ತಿದ್ದೆವು. ಮುಂದಿನ ಗಾಡಿಯ ಚಕ್ರವೂ ಕಾಣದಷ್ಟು ಮಂಜು. ಅತ್ತೆ ತಮ್ಮ ಗಂಟನ್ನು ನನ್ನ ಕೈಗೆ ಕೊಟ್ಟು, "ನೀ ನಡೀತಿರು, ಈಗ ಬಂದೆ" ಎಂದು ಯಾರಿಗೂ ಹೇಳದೆ ರಸ್ತೆ ಬಿಟ್ಟು ಇಳಿದರು. ನಾನು ನಡೆದೆ. ಹಿಂದೆ ಹೆಜ್ಜೆ ಸದ್ದು ಕೇಳೀತೆಂದು ಕಾದೆ. ಕೇಳಲಿಲ್ಲ.

"ಅತ್ತೇ" ಎಂದು ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗದೆ ಮುಂದಿನ ಗಾಡಿಯತ್ತ ಓಡಿ ಹೇಳಿದೆ. ಗಾಡಿಗಳು ನಿಂತವು. ಗಂಡಸರು ದಿಕ್ಕಿಗೊಬ್ಬರಂತೆ ಓಡಿದರು. ಒಬ್ಬ "ಅಕ್ಕಾ" ಎಂದು, ಇನ್ನೊಬ್ಬ "ದೊಡ್ಡಬ್ಬೇ" ಎಂದು ಒಮ್ಮೆ ಕೂಗುವುದು, ಕಿವಿಗೊಡುವುದು, ಮತ್ತೊಂದು ಕಡೆಗೆ ಓಡುವುದು. ಆ ದಾರಿಯಲ್ಲಿ ಹುಲಿ ದನ ಹಿಡಿದದ್ದನ್ನು ಯಾರೋ ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದೇ ನನಗೆ ಚೆನ್ನಾಗಿ ಕೇಳಿತು. ಇನ್ನು ಯಾವ ಮುಖ ಹೊತ್ತು ಊರಿಗೆ ಹೋಗಲಿ? ಸೊಸೆ ಅತ್ತೆಯನ್ನು ಕಾಡಿನಲ್ಲಿ ಬಿಟ್ಟು ಬಂದಳು ಎಂಬ ಮಾತು ನಾನು ಸಾಯುವವರೆಗೂ ಬಾವಿಕಟ್ಟೆಯಲ್ಲಿ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ನನಗೆ ಅತ್ತೆ ಬೇಕಾಗಿದ್ದರು. ಎಷ್ಟು ಬೇಕಾಗಿದ್ದರೆಂದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ.

ಬುವಾ ಕೋಲನ್ನು ಗಾಡಿಯ ಮೂಕಿಗೆ ಬಡಿದರು. "ಎಲ್ಲಾ ಬಾಯಿ ಮುಚ್ಕಣಿ! ಕಾಡಲ್ಲಿ ಒಂದೊಂದೇ ಸಲ ಕರ್ದು ಓಡ್ತ್ರಲ್ಲ, ಅವಳು ಹ್ಯಾಗೆ ಓ ಅಂಬೂದು?"

ಆಗ ಎಲ್ಲರಿಗೂ ನೆನಪಾಯಿತು. ಕಾಡಿನಲ್ಲಿ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೂಡದು. ದೆವ್ವ ಮೂರನೆಯ ಸಲ ಕರೆಯುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು, ಹೆದರಿಕೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ನೀ ಕರಿ ತಂಗಿ" ಎಂದರು ಬುವಾ. ಈ ಸಲ ಗದರಿಕೆ ಇರಲಿಲ್ಲ. "ನಿನ್ನ ದನಿ ಅವಳಿಗೆ ಗುರ್ತು. ನಿಂತಲ್ಲೇ ನಿಂತ್ಕಂಡು ಕರಿ."

"ಅತ್ತೇ." ಮಂಜು. "ಅತ್ತೇ." ಏನೂ ಇಲ್ಲ. ಮೂರನೆಯದಕ್ಕೂ ಉತ್ತರ ಬರದಿದ್ದರೆ? ಆ ಕೂಗನ್ನು ಬಾಯಿಂದ ಹೊರಡಿಸಲು ಧೈರ್ಯವಾಗಲಿಲ್ಲ. ಬುವಾ ಅವಸರ ಮಾಡದೆ ನನ್ನ ಪಕ್ಕದಲ್ಲಿ ಕಾದು ನಿಂತರು.

"ಅತ್ತೇ!"

"ಓ!"

ರಸ್ತೆಯ ಕೆಳಗಿನ ಪೊದೆಯಿಂದ ಅತ್ತೆ ಎದ್ದು ಬಂದರು, ಸೀರೆಯ ತುಂಬ ತರಗೆಲೆ. ಬುವಾ ಅವರನ್ನು ಗಾಡಿಗೆ ಹತ್ತಿಸಿ, "ನಡೀರಿ" ಎಂದರಷ್ಟೆ. ನಾನು ಗಾಡಿಯ ಬದಿ ಹಿಡಿದು ನಡೆದೆ.

"ನಾ ಮೊದ್ಲು ಕರ್ದದ್ದು ನಿಮ್ಗೆ ಕೇಳ್ಲಿಲ್ವಾ?"

"ಕೇಳ್ತು. ನಿನ್ನ ದನಿ ಅಂತಾನೂ ಗೊತ್ತಾಯ್ತು" ಎಂದರು ಅತ್ತೆ. "ಇನ್ನೊಂದ್ಸಲ ಕರೀಲಿ, ಇನ್ನೊಂದ್ಸಲ ಕರೀಲಿ ಅಂತ ಬಾಯಿಗೆ ಸೆರಗು ತುರ್ಕಂಡು ಕೂತಿದ್ದೆ."

ಆ ದಿನದಿಂದ ನೀರು ಕುಡಿಯಲೂ ನಾನೇ ಮುಂದಾಗಿ ಬುವಾ ಅವರನ್ನು ಕೇಳತೊಡಗಿದೆ. ಅದೇ ಸಂಜೆ ಹಳ್ಳಕ್ಕೆ ಇಳಿದಿದ್ದ ಹೆಂಗಸರನ್ನು ಕರೆಯಲು ಅವರು ನನ್ನನ್ನೇ ದಡದಲ್ಲಿ ನಿಲ್ಲಿಸಿದರು. ಕಾಡು ಇನ್ನೂ ಮುಗಿದಿರಲಿಲ್ಲ. ಮೂರು ಸಲ ಕೂಗಬೇಕೆಂದು ಉಸಿರು ತೆಗೆದುಕೊಂಡು ನಿಂತೆ. ಮೊದಲನೆಯ ಕೂಗಿಗೇ ಅತ್ತೆ ಓ ಎಂದರು.